ಫೀನಿಕ್ಸ್ ಬಿಸಿಲಿನಲ್ಲಿ ಮನೆಯ ಎಸಿ ನೋಡಿಕೊಳ್ಳುವವರನ್ನು ಹುಡುಕುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಅರಿಝೋನಾದ ಚಾಂಡ್ಲರ್‌ನಲ್ಲಿ ಮನೆ ಮಾಡಿ ಹದಿನಾಲ್ಕು ವರ್ಷವಾಯಿತು. ಪ್ರತಿ ಬೇಸಿಗೆಯಲ್ಲೂ ಇಲ್ಲಿನ ಕನ್ನಡದ ಗೆಳೆಯರಿಂದ ಒಂದೇ ಥರದ ಫೋನು ಬರುತ್ತದೆ. "ಅಣ್ಣಾ, ಎಸಿ ಬಿಸಿ ಗಾಳಿ ಬಿಡ್ತಿದೆ. ಯಾರಾದ್ರೂ ಒಳ್ಳೆ ಮೆಕ್ಯಾನಿಕ್ ಗೊತ್ತಾ?" ಈ ಫೋನು ಬರುವುದು ಜುಲೈನಲ್ಲಿ. ಕೇಳಬೇಕಾಗಿದ್ದು ಮಾರ್ಚ್‌ನಲ್ಲಿ. ಹಾಗಾಗಿ ಎಲ್ಲರೂ ಕೇಳುವ ಪ್ರಶ್ನೆಗಳನ್ನೂ ನಾನು ಹೇಳುವ ಉತ್ತರಗಳನ್ನೂ ಒಂದೇ ಕಡೆ ಬರೆದಿದ್ದೇನೆ. ಹೊಸದಾಗಿ ಫೀನಿಕ್ಸ್, ಟೆಂಪಿ, ಗಿಲ್ಬರ್ಟ್, ಮೇಸಾ ಕಡೆಗೆ ಬಂದವರು ಇದನ್ನು ಬೇಸಿಗೆಗೆ ಮೊದಲೇ ಓದಿದರೆ ನನಗೆ ಸಮಾಧಾನ.

ಎಸಿ ಚೆನ್ನಾಗೇ ಓಡ್ತಿದೆ. ಸುಮ್ನೆ ಯಾಕೆ ದುಡ್ಡು ಕೊಟ್ಟು ಸರ್ವೀಸ್ ಮಾಡಿಸಬೇಕು?

ಬೆಂಗಳೂರು, ಮೈಸೂರಿನಲ್ಲಿ ಬೆಳೆದವರಿಗೆ ಎಸಿ ಅಂದರೆ ಒಂದು ಅನುಕೂಲ. ಕೆಟ್ಟರೆ ಫ್ಯಾನ್ ಹಾಕಿಕೊಂಡು, ಕಿಟಕಿ ತೆಗೆದು ಮಲಗಬಹುದು. ಇಲ್ಲಿ ಅದು ಆಗುವುದಿಲ್ಲ. 2023ರಲ್ಲಿ ಜೂನ್ 30ರಿಂದ ಜುಲೈ 30ರವರೆಗೆ, ಸತತ 31 ದಿನ, ಫೀನಿಕ್ಸ್‌ನಲ್ಲಿ 110 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಜಾಸ್ತಿ ಇತ್ತು. ನಮ್ಮ ಲೆಕ್ಕದಲ್ಲಿ 43 ಸೆಲ್ಸಿಯಸ್ ದಾಟಿದ ಬಿಸಿಲು. ಕಲಬುರಗಿ, ರಾಯಚೂರಿನವರು "ಇದೇನು ಮಹಾ, ನಮ್ಮೂರಲ್ಲೂ ಇರುತ್ತೆ" ಅನ್ನಬಹುದು. ಆದರೆ ಅದೇ ಜುಲೈ 19ರ ಬೆಳಗಿನ ಜಾವ ಇಲ್ಲಿ ಪಾದರಸ ಇಳಿದದ್ದು 97ರವರೆಗೆ ಮಾತ್ರ, ಅಂದರೆ 36 ಸೆಲ್ಸಿಯಸ್. ರಾತ್ರಿಯೂ ತಂಪಾಗದ ಊರಿನಲ್ಲಿ ಯಂತ್ರಕ್ಕೆ ಬಿಡುವೇ ಸಿಗುವುದಿಲ್ಲ.

ಸಾಲದ್ದಕ್ಕೆ ಧೂಳು. ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ಇಲ್ಲಿ ಮಾನ್ಸೂನ್ ಅನ್ನುತ್ತಾರೆ. ನಮ್ಮ ಮಲೆನಾಡಿನ ಮಳೆ ನೆನೆಸಿಕೊಳ್ಳಬೇಡಿ. ಮಳೆಗಿಂತ ಮೊದಲು ಬರುವುದು ಹಬೂಬ್, ಅಂದರೆ ಗೋಡೆಯ ಹಾಗೆ ಎದ್ದು ಬರುವ ಧೂಳಿನ ಬಿರುಗಾಳಿ. ಹೊರಗಿನ ಯೂನಿಟ್ಟಿನ ಕೆಲಸವೇ ಸುತ್ತಲಿನ ಗಾಳಿಯನ್ನು ಎಳೆದು ಮನೆಯೊಳಗಿನ ಬಿಸಿಯನ್ನು ಹೊರಗೆ ಹಾಕುವುದು. ಆ ಗಾಳಿಯ ಜೊತೆ ಧೂಳೂ ಬಂದು ಅಲ್ಯೂಮಿನಿಯಂ ಎಲೆಗಳ ಸಂದಿಯಲ್ಲಿ ಕೂರುತ್ತದೆ. ಬಿಸಿ ಹೊರಗೆ ಹೋಗದೆ ಒತ್ತಡ ಏರುತ್ತದೆ, ಗ್ಯಾಸನ್ನು ಒತ್ತಿ ತಳ್ಳುವ ಕಂಪ್ರೆಸರ್ ಹೆಚ್ಚು ಕರೆಂಟ್ ಎಳೆಯುತ್ತದೆ. ಏಪ್ರಿಲ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ. 115 ಡಿಗ್ರಿ ಮುಟ್ಟಿದ ದಿನ ಗೊತ್ತಾಗುತ್ತದೆ.

ವರ್ಷಕ್ಕೆ ಎಷ್ಟು ಸಲ, ಯಾವಾಗ ಮಾಡಿಸಬೇಕು?

ತಂಪಿಗೆ ಒಂದು ಸಲ, ಮಾರ್ಚ್ ಅಥವಾ ಏಪ್ರಿಲ್ ಮೊದಲ ವಾರದಲ್ಲಿ. ಇಲ್ಲಿನ ತುಂಬಾ ಮನೆಗಳಲ್ಲಿರುವುದು ಹೀಟ್ ಪಂಪ್. ಚಳಿಗಾಲದಲ್ಲಿ ಬಿಸಿ ಕೊಡುವುದೂ ಅದೇ ಯಂತ್ರ. ಅಂಥವರು ಅಕ್ಟೋಬರ್‌ನಲ್ಲಿ ಇನ್ನೊಂದು ಸಲ ಮಾಡಿಸಬೇಕು. ಮೇ ಬಂದರೆ ಒಳ್ಳೆಯ ಕಾಂಟ್ರಾಕ್ಟರ್‌ಗಳ ಕ್ಯಾಲೆಂಡರ್ ತುಂಬಿಹೋಗುತ್ತದೆ. ಜುಲೈನಲ್ಲಿ ಸಿಗುವವರು ಹತ್ತು ನಿಮಿಷದಲ್ಲಿ ಮುಗಿಸಿ ಮುಂದಿನ ಮನೆಗೆ ಓಡುತ್ತಾರೆ. ಅವರದ್ದೂ ತಪ್ಪಲ್ಲ, ಅಲ್ಲೂ ಯಾರೋ ಬೆವರು ಒರೆಸಿಕೊಳ್ಳುತ್ತಾ ಕಾಯುತ್ತಿರುತ್ತಾರೆ.

ಲೈಸೆನ್ಸ್ ಇದೆಯಾ ಅಂತ ಹೇಗೆ ನೋಡೋದು?

ಅರಿಝೋನಾದಲ್ಲಿ ಇದು ಸುಲಭ. ಕಾಂಟ್ರಾಕ್ಟರ್‌ಗಳಿಗೆ ಲೈಸೆನ್ಸ್ ಕೊಡುವ ರಾಜ್ಯ ಸರ್ಕಾರದ ಇಲಾಖೆಯ ಹೆಸರು ರಿಜಿಸ್ಟ್ರಾರ್ ಆಫ್ ಕಾಂಟ್ರಾಕ್ಟರ್ಸ್. ಎಲ್ಲರೂ ಆರ್‌ಒಸಿ ಅನ್ನುತ್ತಾರೆ. ಅವರ ವೆಬ್‌ಸೈಟಿನಲ್ಲಿ ಕಂಪನಿಯ ಹೆಸರನ್ನೋ ಲೈಸೆನ್ಸ್ ನಂಬರನ್ನೋ ಹಾಕಿದರೆ ಮಾಹಿತಿ ಬರುತ್ತದೆ.

ಅಲ್ಲಿ ಮೂರು ವಿಷಯ ನೋಡಿ. ಲೈಸೆನ್ಸ್ ಈಗ ಚಾಲ್ತಿಯಲ್ಲಿದೆಯಾ. ಯಾವ ವರ್ಗದ್ದು: ಮನೆಯ ಎಸಿ ಕೆಲಸಕ್ಕೆ ಆರ್-39 ಅಥವಾ ಮನೆ-ಅಂಗಡಿ ಎರಡಕ್ಕೂ ಸಲ್ಲುವ ಸಿಆರ್-39 ಇರಬೇಕು. ಸಿ-39 ಮಾತ್ರ ಇದ್ದರೆ ಅದು ವಾಣಿಜ್ಯ ಕಟ್ಟಡಗಳಿಗೆ. ಮೂರನೆಯದು ದೂರುಗಳು. ದೊಡ್ಡ ಕಂಪನಿ ಮೇಲೆ ಒಂದೆರಡು ದೂರು ಇದ್ದರೆ ಹೆದರಬೇಡಿ. ಅದನ್ನು ಅವರು ಬಗೆಹರಿಸಿದರಾ, ಇಲಾಖೆ ಶಿಸ್ತುಕ್ರಮ ತೆಗೆದುಕೊಂಡಿತಾ ಅನ್ನುವುದು ಮುಖ್ಯ.

ಇನ್ನೊಂದು ಕಾಗದ ಕೇಂದ್ರ ಸರ್ಕಾರದ್ದು. ಎಸಿಯ ಗ್ಯಾಸ್ ಇರುವ ಕೊಳವೆಯನ್ನು ಬಿಚ್ಚುವವರಿಗೆ ಇಪಿಎ (ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ) 608 ಸರ್ಟಿಫಿಕೇಟ್ ಇರಲೇಬೇಕು. ಮನೆಯ ಎಸಿಗೆ ಟೈಪ್ 2 ಅಥವಾ ಯೂನಿವರ್ಸಲ್. ಇದು ಕಂಪನಿಗಲ್ಲ, ಕೆಲಸ ಮಾಡುವ ವ್ಯಕ್ತಿಗೆ ಕೊಡುವಂಥದ್ದು. ಬಾಗಿಲಿಗೆ ಬಂದವರನ್ನೇ ಕೇಳಿ. ಸಾಮಾನ್ಯವಾಗಿ ಪರ್ಸಿನಿಂದ ಕಾರ್ಡ್ ತೆಗೆದು ತೋರಿಸುತ್ತಾರೆ, ಬೇಜಾರು ಮಾಡಿಕೊಳ್ಳುವುದಿಲ್ಲ.

ವಾಟ್ಸಾಪ್ ಗುಂಪಿನಲ್ಲಿ ಒಬ್ಬರ ನಂಬರ್ ಕೊಟ್ಟಿದ್ದಾರೆ. ಲೈಸೆನ್ಸ್ ಇಲ್ಲ, ಕ್ಯಾಶ್ ಕೊಟ್ಟರೆ ಅರ್ಧ ರೇಟು. ಮಾಡಿಸಬಹುದಾ?

ಸಾಮಾನು, ಕೂಲಿ ಎಲ್ಲ ಸೇರಿ 1,000 ಡಾಲರ್‌ಗಿಂತ ಕಡಿಮೆ ಇರುವ, ಪರ್ಮಿಟ್ ಬೇಡದ ಸಣ್ಣಪುಟ್ಟ ಕೆಲಸಕ್ಕೆ ಅರಿಝೋನಾ ಕಾನೂನು ವಿನಾಯಿತಿ ಕೊಡುತ್ತದೆ. ಆದರೂ ಎಸಿ ವಿಷಯದಲ್ಲಿ ನಾನು ಬೇಡ ಅನ್ನುತ್ತೇನೆ. 240 ವೋಲ್ಟ್ ಕರೆಂಟು, ಒತ್ತಡದಲ್ಲಿರುವ ಗ್ಯಾಸು. ಕೆಲಸ ಕೆಟ್ಟರೆ ಆರ್‌ಒಸಿಗೆ ಹೋಗಿ ಪರಿಹಾರ ಕೇಳುವ ದಾರಿಯೂ ಮುಚ್ಚಿರುತ್ತದೆ. ಅವರು ಮಾಡುವ ಕೆಲಸ ಚೆನ್ನಾಗಿಯೇ ಇರಬಹುದು. ಅಪಾಯವೆಲ್ಲ ನಿಮ್ಮ ತಲೆಯ ಮೇಲೆ ಬರುತ್ತದೆ ಅಷ್ಟೇ.

ಫೋನ್ ಮಾಡಿದಾಗ ಏನು ಕೇಳಬೇಕು?

"ರೇಟ್ ಎಷ್ಟು" ಅಂತ ಶುರು ಮಾಡಬೇಡಿ. ಮೊದಲು ನಿಮ್ಮ ಯಂತ್ರದ ಬಗ್ಗೆ ಹೇಳಿ: ಎಷ್ಟು ವರ್ಷದ್ದು, ಚಾವಣಿ ಮೇಲಿದೆಯಾ ನೆಲದ ಮೇಲಿದೆಯಾ. ಇಲ್ಲಿನ ಹಳೆಯ ಮನೆಗಳಲ್ಲಿ ಇಡೀ ಪೆಟ್ಟಿಗೆಯೇ ಚಾವಣಿ ಮೇಲೆ ಕೂತಿರುತ್ತದೆ. ಅದನ್ನು ನೋಡಲು ಬೆಳಗ್ಗೆ ಬೇಗ ಬರಬೇಕು, ಮಧ್ಯಾಹ್ನ ಆ ಚಾವಣಿ ಕಾದ ಹೆಂಚು.

ಆಮೇಲೆ ಕೇಳಿ: ಬಂದು ನೋಡುವುದಕ್ಕೆ ಎಷ್ಟು, ರಿಪೇರಿ ಮಾಡಿಸಿದರೆ ಆ ಮೊತ್ತ ಬಿಲ್ಲಿನಲ್ಲಿ ಕಳೆಯುತ್ತೀರಾ, ಶನಿವಾರ-ಭಾನುವಾರ ಜಾಸ್ತಿನಾ, ಇನ್ಶೂರೆನ್ಸ್ ಇದೆಯಾ. ಕೊನೆಗೆ ನನ್ನ ಮುಖ್ಯ ಪ್ರಶ್ನೆ: "ಸರ್ವೀಸ್ ಆದಮೇಲೆ ಅಳತೆಗಳನ್ನು ಬರೆದುಕೊಡ್ತೀರಾ?" ಇದಕ್ಕೆ ತಕ್ಷಣ "ಕೊಡ್ತೀವಿ" ಅಂದವರನ್ನು ಕರೆಯಿರಿ. "ಎಲ್ಲಾ ಚೆಕ್ ಮಾಡ್ತೀವಿ, ಚಿಂತೆ ಬೇಡ" ಅಂದವರನ್ನು ಬಿಟ್ಟು ಮುಂದಿನವರಿಗೆ ಫೋನ್ ಮಾಡಿ.

ಅಳತೆ ಅಂದರೆ ಯಾವುದು? ಸರ್ವೀಸ್‌ನಲ್ಲಿ ಏನೇನು ಮಾಡಬೇಕು?

ಫಿಲ್ಟರ್ ಬದಲಿಸಿ, ಹೊರಗಿನ ಯೂನಿಟ್ಟಿಗೆ ನೀರು ಹೊಡೆದು, ಸಹಿ ಹಾಕಿಸಿಕೊಂಡು ಹೋದರೆ ಅದು ಸರ್ವೀಸ್ ಅಲ್ಲ. ಸರಿಯಾಗಿ ಮಾಡಿದರೆ ಒಂದು ಗಂಟೆಯಾದರೂ ಬೇಕು. ಪಕ್ಕದಲ್ಲಿ ನಿಂತು ನೋಡಿ. ಒಳ್ಳೆಯ ಕೆಲಸಗಾರರು ಅದಕ್ಕೆ ಖುಷಿಪಡುತ್ತಾರೆ.

ನೀವು ನೋಡಬೇಕಾದ ಮೊದಲ ವಸ್ತು ಕೆಪಾಸಿಟರ್. ಹೊರಗಿನ ಯೂನಿಟ್ಟಿನ ಮುಚ್ಚಳ ಬಿಚ್ಚಿದರೆ ಒಳಗೆ ಬೆಳ್ಳಿ ಬಣ್ಣದ ಡಬ್ಬಿ ಕಾಣುತ್ತದೆ, ಮೇಲೆ ಮೂರು ಕಡೆ ವೈರ್ ಸಿಕ್ಕಿಸಿರುತ್ತಾರೆ. ಕಂಪ್ರೆಸರ್‌ಗೂ ಫ್ಯಾನಿಗೂ ಶುರುವಾಗಲು ಬೇಕಾದ ಒತ್ತು ಕೊಡುವುದು ಇದು. ಮರುಭೂಮಿಯ ಬಿಸಿಲಿನಲ್ಲಿ ಎಲ್ಲಕ್ಕಿಂತ ಮೊದಲು ಸಾಯುವುದೂ ಇದೇ. ಚೆನ್ನಾಗಿರುವ ಡಬ್ಬಿಯ ತಲೆ ಚಪ್ಪಟೆ. ಕೆಟ್ಟದ್ದರ ತಲೆ ಉಬ್ಬಿರುತ್ತದೆ, ಕೆಲವೊಮ್ಮೆ ಅಂಚಿನಲ್ಲಿ ಎಣ್ಣೆ ಜಿನುಗಿರುತ್ತದೆ. ಮೈಮೇಲೆ 45+5 ಅಥವಾ 35+5 ಅಂತ ಅಚ್ಚಾಗಿರುತ್ತದೆ. ಅದು ಮೈಕ್ರೋಫ್ಯಾರಡ್ ಲೆಕ್ಕ. ಪಕ್ಕದಲ್ಲೇ ಸಾಮಾನ್ಯವಾಗಿ ಪ್ಲಸ್-ಮೈನಸ್ 6 ಶೇಕಡ ಅಂತಲೂ ಇರುತ್ತದೆ. ಅಂದರೆ 45 ಇರಬೇಕಾದ ಕಡೆ ಮೀಟರ್ 42ಕ್ಕಿಂತ ಕೆಳಗೆ ತೋರಿಸಿದರೆ ಬದಲಿಸುವ ಕಾಲ ಬಂತು. ಮಾರ್ಚ್‌ನಲ್ಲಿ 41 ತೋರಿಸಿದ ಕೆಪಾಸಿಟರ್ ಜುಲೈ ನೋಡುವುದು ಅನುಮಾನ. ಈ ಒಂದು ಅಂಕಿಯನ್ನು ಕಾಗದದ ಮೇಲೆ ಬರೆಸಿಕೊಂಡರೆ ಸರ್ವೀಸ್ ದುಡ್ಡು ವಸೂಲು.

ಅದರ ಪಕ್ಕದಲ್ಲೇ ಕಾಂಟ್ಯಾಕ್ಟರ್ ಅನ್ನುವ ಸ್ವಿಚ್ಚು. ಇಲ್ಲಿ ಅದರೊಳಗೆ ಇರುವೆ ಹೊಕ್ಕು ಸಾಯುತ್ತವೆ, ಸಂಪರ್ಕ ತಪ್ಪುತ್ತದೆ. ನಂಬಲಿಕ್ಕೆ ಕಷ್ಟ, ಆದರೆ ನಮ್ಮ ಮನೆಯಲ್ಲೇ ಒಮ್ಮೆ ಚಿಟಿಕೆಯಷ್ಟು ಕಪ್ಪು ಪುಡಿ ಕೆರೆದು ತೋರಿಸಿದರು.

ಎರಡನೆಯ ಅಳತೆ ಒಳಗಿನದು. ಎಸಿಗೆ ವಾಪಸ್ ಹೋಗುವ ಗಾಳಿ ಮತ್ತು ಎಸಿಯಿಂದ ಬರುವ ಗಾಳಿ, ಇವೆರಡರ ತಾಪಮಾನದ ವ್ಯತ್ಯಾಸ. ಸಾಮಾನ್ಯವಾಗಿ 16ರಿಂದ 22 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. ಕಡಿಮೆ ಇದ್ದರೆ ಯಂತ್ರ ತಂಪು ಮಾಡುತ್ತಿಲ್ಲ. ತೀರಾ ಜಾಸ್ತಿ ಇದ್ದರೆ ಗಾಳಿಯ ಓಟ ಕಡಿಮೆಯಾಗಿದೆ, ಬಹುಶಃ ಫಿಲ್ಟರ್ ಅಥವಾ ಕಾಯಿಲ್ (ಗಾಳಿಯನ್ನು ತಂಪು ಮಾಡುವ ಕೊಳವೆಯ ಸುರುಳಿ) ಕಟ್ಟಿಕೊಂಡಿದೆ.

ಇದಲ್ಲದೆ ಕಂಪ್ರೆಸರ್ ಮತ್ತು ಫ್ಯಾನ್ ಎಳೆಯುವ ಕರೆಂಟು, ಗ್ಯಾಸಿನ ಸೂಪರ್‌ಹೀಟ್ ಮತ್ತು ಸಬ್‌ಕೂಲಿಂಗ್, ಕೋಣೆಗಳಿಗೆ ಗಾಳಿ ಒಯ್ಯುವ ಡಕ್ಟ್ ಅನ್ನುವ ಕೊಳವೆಯೊಳಗಿನ ಒತ್ತಡ. ಇವುಗಳ ಅರ್ಥ ನಿಮಗೆ ಗೊತ್ತಿರಬೇಕಾಗಿಲ್ಲ. ಅಂಕಿ ಕಾಗದದಲ್ಲಿರಲಿ. ಮುಂದಿನ ವರ್ಷ ಬಂದವರು ಅದನ್ನು ನೋಡಿ ಯಂತ್ರ ಎಷ್ಟು ಇಳಿದಿದೆ ಅಂತ ಹೇಳಬಲ್ಲರು. ವೈದ್ಯರಿಗೆ ಹಳೆಯ ರಕ್ತಪರೀಕ್ಷೆಯ ಚೀಟಿ ತೋರಿಸಿದ ಹಾಗೆ.

ಡ್ರೈನ್ ಪೈಪ್ ಮರೆಯಬೇಡಿ. ಮಾನ್ಸೂನ್‌ನಲ್ಲಿ ಗಾಳಿಯಲ್ಲಿ ತೇವ ಜಾಸ್ತಿಯಾಗಿ ಕಾಯಿಲ್‌ನಿಂದ ನೀರು ಸುರಿಯುತ್ತದೆ. ಪೈಪಿನಲ್ಲಿ ಪಾಚಿ ಕಟ್ಟಿದ್ದರೆ ಆ ನೀರು ಅಟ್ಟದಿಂದ ನಿಮ್ಮ ಸೀಲಿಂಗಿಗೆ ಇಳಿಯುತ್ತದೆ.

"ಗ್ಯಾಸ್ ಕಡಿಮೆ ಇದೆ, ತುಂಬಿಸಬೇಕು" ಅಂದರು. ಪ್ರತಿ ವರ್ಷ ತುಂಬಿಸಬೇಕಾ?

ಇಲ್ಲ. ನಮ್ಮೂರಲ್ಲಿ ಬೇಸಿಗೆ ಬಂತೆಂದರೆ "ಗ್ಯಾಸ್ ಫಿಲ್ಲಿಂಗ್" ಮಾಡಿಸುವುದು ಸಂಪ್ರದಾಯವೇ ಆಗಿದೆ. ಆ ಅಭ್ಯಾಸದಿಂದ ಇಲ್ಲೂ ತಲೆ ಆಡಿಸಿಬಿಡುತ್ತೇವೆ. ಎಸಿಯ ಗ್ಯಾಸ್ ಸ್ಕೂಟರಿನ ಪೆಟ್ರೋಲಿನ ಹಾಗೆ ಉರಿದು ಖರ್ಚಾಗುವುದಿಲ್ಲ. ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. "ಎಲ್ಲಿ ಸೋರ್ತಿದೆ, ತೋರಿಸಿ" ಅಂತ ಕೇಳಿ. ಸೋರಿಕೆ ಹುಡುಕದೆ ತುಂಬಿಸುವುದು ತೂತು ಬಿದ್ದ ಕೊಡಕ್ಕೆ ನೀರು ಹೊತ್ತ ಹಾಗೆ.

ಯಾವ ಗ್ಯಾಸ್ ಅನ್ನುವುದೂ ಮುಖ್ಯ. 2010ಕ್ಕಿಂತ ಹಳೆಯ ಯಂತ್ರವಾದರೆ ಅದರಲ್ಲಿ ಆರ್-22 ಇರಬಹುದು. ಅದರ ತಯಾರಿಕೆ, ಆಮದು 2020ರ ಜನವರಿ 1ರಿಂದ ಅಮೆರಿಕದಲ್ಲಿ ನಿಂತಿದೆ. ಹಳೆಯ ದಾಸ್ತಾನು ಮತ್ತು ಹಳೆಯ ಯಂತ್ರಗಳಿಂದ ತೆಗೆದು ಶುದ್ಧ ಮಾಡಿದ್ದು ಮಾತ್ರ ಸಿಗುತ್ತದೆ, ಬೆಲೆ ಕೈ ಸುಡುತ್ತದೆ. ಆಮೇಲೆ ಬಂದ ಯಂತ್ರಗಳಲ್ಲಿ ಹೆಚ್ಚಾಗಿ ಆರ್-410ಎ. ಈಗಿನ ಹೊಸ ಯಂತ್ರಗಳಲ್ಲಿ ಆರ್-454ಬಿ ಅಥವಾ ಆರ್-32. ಈ ಹೊಸ ಎರಡಕ್ಕೂ ಸ್ವಲ್ಪ ಬೆಂಕಿ ಹತ್ತುವ ಗುಣವಿದೆ. ಅದಕ್ಕೆ ತರಬೇತಿ ಆಗಿದೆಯಾ ಅಂತ ಕೇಳುವುದು ತಪ್ಪಲ್ಲ. ಒಂದಕ್ಕೆ ಇನ್ನೊಂದನ್ನು ಬೆರೆಸಲೇಬಾರದು.

"ಹೊರಗಿಗಿಂತ 20 ಡಿಗ್ರಿ ಮಾತ್ರ ತಂಪು ಮಾಡೋಕಾಗೋದು" ಅಂದರು. ನಿಜಾನಾ?

ನಿಜ ಅಲ್ಲ. ಹೊರಗೆ 115 ಇದ್ದರೆ ಮನೆ 95 ಇರಬೇಕು ಅಂತಾಯಿತು, ಹಾಗಾದರೆ ಇಲ್ಲಿ ಯಾರೂ ಬದುಕುತ್ತಿರಲಿಲ್ಲ. ಮೇಲೆ ಹೇಳಿದ ಒಳಗಿನ ಗಾಳಿಯ 20 ಡಿಗ್ರಿ ವ್ಯತ್ಯಾಸವನ್ನು ಹೊರಗಿನ ಬಿಸಿಲಿಗೆ ಹೊಂದಿಸಿ ಹೇಳುವ ಮಾತು ಇದು. ಸರಿಯಾದ ಅಳತೆಯ, ಚೆನ್ನಾಗಿರುವ ಯಂತ್ರ 112 ಡಿಗ್ರಿಯಲ್ಲೂ ಮನೆಯನ್ನು 78ರಲ್ಲಿ ಇಡುತ್ತದೆ. 118 ಮುಟ್ಟಿದ ಸಂಜೆ ಒಂದೆರಡು ಡಿಗ್ರಿ ಏರಿದರೆ ಗಾಬರಿ ಬೇಡ. ಆದರೆ ಬೇಸಿಗೆಯ ಪ್ರತಿ ಮಧ್ಯಾಹ್ನ ಮನೆ 85ಕ್ಕೆ ಏರುತ್ತಿದ್ದರೆ ಏನೋ ಕೆಟ್ಟಿದೆ. ಡಕ್ಟ್ ಬಿಚ್ಚಿಕೊಂಡಿದೆಯಾ ಅಂತಲೂ ನೋಡಿಸಿ. ಇಲ್ಲಿ ಡಕ್ಟ್‌ಗಳು ಓಡುವುದು ಅಟ್ಟದಲ್ಲಿ. ಬೇಸಿಗೆಯ ಮಧ್ಯಾಹ್ನ ಅಟ್ಟ 140 ಡಿಗ್ರಿ ದಾಟುತ್ತದೆ. ಅಲ್ಲಿ ಒಂದು ಕೂಡು ಸಡಿಲವಾದರೆ ನೀವು ದುಡ್ಡು ಕೊಟ್ಟು ಮಾಡಿದ ತಂಪು ಅಟ್ಟದ ಪಾಲು.

ಕಂಪ್ರೆಸರ್ ಹೋಗಿದೆ, ಇಡೀ ಸಿಸ್ಟಮ್ ಬದಲಿಸಬೇಕು ಅಂತಿದ್ದಾರೆ. ಏನು ಮಾಡಲಿ?

ಆ ದಿನವೇ ಸಹಿ ಹಾಕಬೇಡಿ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ.

2023ರ ಜುಲೈನ ಒಂದು ಸಂಜೆ ನಮ್ಮ ಮನೆಯ ಹೊರಗಿನ ಯೂನಿಟ್ ಗುಂಯ್ ಅನ್ನುತ್ತಿತ್ತು, ಫ್ಯಾನ್ ಮಾತ್ರ ತಿರುಗುತ್ತಿರಲಿಲ್ಲ. ನನಗೆ ಆಗ ನಂಬಿ ಕರೆಯುವಂಥ ಮೆಕ್ಯಾನಿಕ್ ಯಾರೂ ಗೊತ್ತಿರಲಿಲ್ಲ. ಜಾಹೀರಾತಿನಲ್ಲಿ ಮೊದಲು ಕಂಡ ನಂಬರಿಗೆ ಫೋನ್ ಮಾಡಿದೆ. ರಾತ್ರಿ ಎಂಟಕ್ಕೆ ಒಬ್ಬರು ಬಂದರು. ಮುಚ್ಚಳ ಬಿಚ್ಚಿದರು, ಟಾರ್ಚ್ ಬಿಟ್ಟರು, ಮೀಟರ್ ಹೊರಗೆ ತೆಗೆಯಲೇ ಇಲ್ಲ. ಕಂಪ್ರೆಸರ್ ಸತ್ತಿದೆ, ಹೊಸ ಸಿಸ್ಟಮ್‌ಗೆ 14,000 ಡಾಲರ್, ಈಗಲೇ ಸಹಿ ಮಾಡಿದರೆ ನಾಳೆ ಹಾಕುತ್ತೇವೆ, ಇಲ್ಲದಿದ್ದರೆ ಎರಡು ವಾರ ಅಂದರು. ಮನೆಯೊಳಗೆ ಆಗಲೇ 91 ಡಿಗ್ರಿ. ಊರಿನಿಂದ ಬಂದಿದ್ದ ಅಮ್ಮ ಒದ್ದೆ ಟವೆಲ್ ಕುತ್ತಿಗೆಗೆ ಸುತ್ತಿಕೊಂಡು ಸೋಫಾದ ಮೇಲೆ ಕೂತಿದ್ದರು. "ಹಾಕಿಸಿಬಿಡೋ ಮಗಾ, ದುಡ್ಡು ಹೋದ್ರೆ ಹೋಗ್ಲಿ" ಅಂದರು. ನಾನು ಪೆನ್ನು ಕೈಗೆ ತಗೊಂಡಿದ್ದೆ. ತಡೆದದ್ದು ಹೆಂಡತಿ. ಆ ರಾತ್ರಿ ಎಲ್ಲರೂ ಗೆಳೆಯರ ಮನೆಯಲ್ಲಿ ಮಲಗಿದೆವು.

ಮರುದಿನ ಬೆಳಗ್ಗೆ ಆರಕ್ಕೆ ಆ ಗೆಳೆಯರ ಪರಿಚಯದ ಟೆಕ್ನಿಷಿಯನ್ ಬಂದರು. ಡಬ್ಬಿ ತೆಗೆದು ಮೀಟರ್ ಹಿಡಿದರು. ಫ್ಯಾನ್ ಕಡೆ 5 ಇರಬೇಕಾದಲ್ಲಿ ಸೊನ್ನೆ, ಕಂಪ್ರೆಸರ್ ಕಡೆ 45ರ ಜಾಗದಲ್ಲಿ 31. ಹೊಸ ಕೆಪಾಸಿಟರ್ ಹಾಕಿದರು. ಇಪ್ಪತ್ತು ನಿಮಿಷದ ಕೆಲಸ, ಮುನ್ನೂರು ಡಾಲರ್ ಒಳಗಿನ ಬಿಲ್ಲು. ಅದೇ ಕಂಪ್ರೆಸರ್ ಇವತ್ತಿಗೂ ಓಡುತ್ತಿದೆ. ಆ ಹಳೆಯ ಡಬ್ಬಿಯನ್ನು ನಾನು ಇನ್ನೂ ಎಸೆದಿಲ್ಲ. ಹೊಸದಾಗಿ ಮನೆ ಕೊಂಡವರು ಬಂದರೆ ಉಬ್ಬಿದ ತಲೆ ತೋರಿಸುತ್ತೇನೆ.

ಕಂಪ್ರೆಸರ್ ನಿಜವಾಗಲೂ ಸಾಯುವುದುಂಟು. ಹಾಗೆ ಹೇಳಿದವರು ಯಾವ ಅಳತೆಯಿಂದ ಹೇಳಿದರು ಅಂತ ಬರೆದು ಕೊಡಲಿ: ವೈಂಡಿಂಗ್ (ಒಳಗಿನ ತಂತಿಯ ಸುತ್ತು) ಪರೀಕ್ಷೆ ಮಾಡಿದರಾ, ಕೆಪಾಸಿಟರ್ ನೋಡಿದರಾ, ವೋಲ್ಟೇಜ್ ಬರುತ್ತಿದೆಯಾ. ಆ ಕಾಗದ ಹಿಡಿದು ಎರಡನೆಯವರನ್ನು ಕರೆಯಿರಿ. ಎರಡನೆಯವರಿಗೆ ಕೊಡುವ ನೂರು-ನೂರೈವತ್ತು ಡಾಲರ್ ದಂಡವಲ್ಲ. ಯಂತ್ರ ಕೊಂಡಾಗ ರಿಜಿಸ್ಟರ್ ಮಾಡಿಸಿದ್ದರೆ ಹಲವು ಕಂಪನಿಗಳು ಬಿಡಿಭಾಗಕ್ಕೆ 10 ವರ್ಷ ವಾರಂಟಿ ಕೊಡುತ್ತವೆ. ಅದನ್ನೂ ನೋಡಿ. ಆಗ ಕೂಲಿ ಮತ್ತು ಗ್ಯಾಸಿನ ಖರ್ಚು ಮಾತ್ರ ಉಳಿಯುತ್ತದೆ.

ಹೊಸದೇ ಹಾಕಬೇಕಾದರೆ ಕೊಟೇಶನ್‌ನಲ್ಲಿ ಏನು ನೋಡಬೇಕು?

ಮೂರು ಕಡೆ ಕೇಳಿ. "ಹಳೆಯದು ನಾಲ್ಕು ಟನ್, ಹೊಸದೂ ನಾಲ್ಕು ಟನ್" ಅಂತ ಲೇಬಲ್ ನೋಡಿ ಹೇಳಿದವರಿಗಿಂತ ಕಿಟಕಿ ಎಣಿಸಿ, ಪಶ್ಚಿಮಕ್ಕೆ ಎಷ್ಟು ಗಾಜಿದೆ ನೋಡಿ, ಅಟ್ಟದ ಇನ್ಸುಲೇಶನ್ ಅಳೆದು ಲೆಕ್ಕ ಹಾಕುವವರು ಮೇಲು. ಆ ಲೆಕ್ಕಕ್ಕೆ ಮ್ಯಾನ್ಯುಯಲ್ ಜೆ ಅನ್ನುತ್ತಾರೆ. ಟನ್ ಅಂದರೆ ತೂಕವಲ್ಲ, ತಂಪು ಮಾಡುವ ಶಕ್ತಿ: ಒಂದು ಟನ್ ಅಂದರೆ ಗಂಟೆಗೆ 12,000 ಬಿಟಿಯು (ಶಾಖದ ಅಳತೆ). ದೊಡ್ಡದಿದ್ದಷ್ಟೂ ಒಳ್ಳೆಯದು ಅಂತಲ್ಲ. ತೀರಾ ದೊಡ್ಡ ಯಂತ್ರ ಬೇಗ ಬೇಗ ಹತ್ತಿ ಆರಿ ಸವೆಯುತ್ತದೆ.

1,000 ಡಾಲರ್ ಮೇಲಿನ ಕೆಲಸಕ್ಕೆ ಅರಿಝೋನಾದಲ್ಲಿ ಲಿಖಿತ ಒಪ್ಪಂದ ಬೇಕು. ಅದರಲ್ಲಿ ಲೈಸೆನ್ಸ್ ನಂಬರ್, ಒಟ್ಟು ಮೊತ್ತ, ಮುಗಿಸುವ ದಿನಾಂಕ, ಮುಂಗಡ ಎಷ್ಟು ಅನ್ನುವುದೆಲ್ಲ ಇರಬೇಕು. ಮಾಡೆಲ್ ನಂಬರನ್ನೂ ಬರೆಸಿಕೊಳ್ಳಿ. ನಿಮ್ಮ ಊರಿನ ಸಿಟಿ ಕಚೇರಿಗೆ ಫೋನ್ ಮಾಡಿ ಪರ್ಮಿಟ್ ಬೇಕಾ ಅಂತ ಕೇಳಿ. ಪೂರ್ತಿ ದುಡ್ಡನ್ನು ಮೊದಲೇ ಕೊಡಬೇಡಿ.

ವಾರ್ಷಿಕ ಮೆಂಬರ್‌ಶಿಪ್ ಪ್ಲಾನ್ ತಗೊಳ್ಳೋದು ಒಳ್ಳೆಯದಾ?

ವರ್ಷಕ್ಕೆ ಎರಡು ಭೇಟಿ, ಜುಲೈನಲ್ಲಿ ಕೆಟ್ಟರೆ ಸಾಲಿನಲ್ಲಿ ಮುಂದೆ ಜಾಗ, ರಿಪೇರಿಗೆ ಸ್ವಲ್ಪ ರಿಯಾಯಿತಿ. ಕಂಪನಿ ಒಳ್ಳೆಯದಾದರೆ ಆ "ಮುಂದೆ ಜಾಗ" ಒಂದಕ್ಕೇ ತಗೊಳ್ಳಬಹುದು. ಮೊದಲು ಒಂದು ಸಲ ಪ್ಲಾನ್ ಇಲ್ಲದೆ ಸರ್ವೀಸ್ ಮಾಡಿಸಿ ನೋಡಿ, ಆಮೇಲೆ ಸೇರಿ. ಬಹಳ ಅಗ್ಗದ ಸರ್ವೀಸ್ ಜಾಹೀರಾತು ಕಂಡರೆ ಹುಷಾರು. ಬಂದವರ ಗಮನ ಸರ್ವೀಸ್‌ಗಿಂತ ಏನಾದರೂ ಮಾರುವುದರ ಮೇಲೆ ಇರಬಹುದು.

ಮನೆ ಕೊಂಡಾಗ ಹೋಮ್ ವಾರಂಟಿ ಕೊಟ್ಟಿದ್ದಾರೆ. ಅದು ಸಾಕಲ್ವಾ?

ಕೆಟ್ಟಮೇಲೆ ರಿಪೇರಿಗೆ ಅಷ್ಟೇ ಅದು. ಯಾರನ್ನು ಕಳಿಸಬೇಕು, ಯಾವಾಗ ಕಳಿಸಬೇಕು ಅನ್ನುವುದು ವಾರಂಟಿಯವರ ಕೈಯಲ್ಲಿ. ಬೇಸಿಗೆಯಲ್ಲಿ ದಿನಗಟ್ಟಲೆ ಕಾದವರನ್ನು ನೋಡಿದ್ದೇನೆ. ಸರ್ವೀಸ್ ಮಾಡಿಸಿದ ದಾಖಲೆ ಇಲ್ಲ ಅಂತ ಹಣ ಕೊಡದೆಯೂ ಇರಬಹುದು. ಹಾಗಾಗಿ ಬಿಲ್ಲುಗಳನ್ನು ಇಟ್ಟುಕೊಳ್ಳಿ.

ನಾವು ಬಾಡಿಗೆಗೆ ಇದ್ದೇವೆ. ಇದೆಲ್ಲ ಮಾಲೀಕರ ಕೆಲಸ ತಾನೇ?

ಹೌದು. ಮನೆಯ ಜೊತೆ ಕೊಟ್ಟ ಎಸಿಯನ್ನು ಸುಸ್ಥಿತಿಯಲ್ಲಿ ಇಡುವುದು ಅರಿಝೋನಾ ಕಾನೂನಿನ ಪ್ರಕಾರ ಮಾಲೀಕರ ಹೊಣೆ. ಫೀನಿಕ್ಸ್ ನಗರದ ನಿಯಮದಲ್ಲಂತೂ ಅಂಕಿಯೇ ಇದೆ: ಬಾಡಿಗೆ ಮನೆಯ ಎಸಿ ಕೋಣೆಯನ್ನು 82 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಗೆ ತರಬೇಕು. ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗಬೇಡಿ. ಥರ್ಮೋಸ್ಟಾಟ್ ಫೋಟೋ ತೆಗೆದು, ದಿನಾಂಕ ಹಾಕಿ, ಬರಹದಲ್ಲಿ ತಿಳಿಸಿ. ಬಾಡಿಗೆ ಕೊಡದೆ ತಡೆಹಿಡಿಯುವುದು, ರಿಪೇರಿ ನೀವೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳುವುದು ಇವಕ್ಕೆಲ್ಲ ಕಾನೂನಿನಲ್ಲಿ ಷರತ್ತುಗಳಿವೆ. ಕೇಳಿ ತಿಳಿದೇ ಮಾಡಿ.

ನಾವೇ ಮಾಡಿಕೊಳ್ಳಬಹುದಾದ್ದು ಏನು?

ಫಿಲ್ಟರ್. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ, ಹಬೂಬ್ ಬಂದ ಮರುದಿನ ತೆಗೆದು ಬೆಳಕಿಗೆ ಹಿಡಿಯಿರಿ. ಆಚೆಗಿನ ಬೆಳಕು ಕಾಣದಿದ್ದರೆ ಬದಲಿಸಿ. ಮೆರ್ವ್ ಅಂದರೆ ಫಿಲ್ಟರ್ ಎಷ್ಟು ಸಣ್ಣ ಧೂಳನ್ನು ಹಿಡಿಯುತ್ತದೆ ಅನ್ನುವ ಅಂಕಿ. ಮೆರ್ವ್ 13ರ ತೆಳು ಫಿಲ್ಟರ್ ಹಾಕುವ ಮೊದಲು ನಿಮ್ಮ ಟೆಕ್ನಿಷಿಯನ್ನರನ್ನು ಕೇಳಿ. ಕೆಲವು ಮನೆಗಳಲ್ಲಿ ಅದು ಗಾಳಿ ತಡೆದು ಯಂತ್ರದ ಉಸಿರು ಕಟ್ಟಿಸುತ್ತದೆ. ಮೆರ್ವ್ 8 ಸಾಮಾನ್ಯವಾಗಿ ಸಾಕು.

ಹೊರಗಿನ ಯೂನಿಟ್ ಸುತ್ತ ಎರಡಡಿ ಜಾಗ ಖಾಲಿ ಇರಲಿ. ಏಪ್ರಿಲ್‌ನಲ್ಲಿ ಪಾಲೋ ವರ್ಡೆ ಮರದ ಹಳದಿ ಹೂವು ಉದುರಿ ಅದರ ಬುಡಕ್ಕೆ ಜಮಖಾನ ಹಾಸುತ್ತದೆ. ನೋಡಲು ಬಹಳ ಚಂದ, ಆದರೂ ಗುಡಿಸಲೇಬೇಕು. ತೊಳೆಯುವಾಗ ಮೊದಲು ಕರೆಂಟ್ ತೆಗೆಯಿರಿ. ತೋಟದ ಪೈಪಿನ ಸಾದಾ ನೀರು ಸಾಕು. ಪ್ರೆಷರ್ ವಾಷರ್ ಹಿಡಿದರೆ ಅಲ್ಯೂಮಿನಿಯಂ ಎಲೆಗಳು ಮಡಚಿಹೋಗುತ್ತವೆ. ಡ್ರೈನ್ ಪೈಪಿಗೆ ತಿಂಗಳಿಗೊಮ್ಮೆ ಒಂದು ಲೋಟ ಬಿಳಿ ವಿನೆಗರ್ ಹಾಕಿದರೆ ಪಾಚಿ ಕಟ್ಟುವುದಿಲ್ಲ.

ಕೆಪಾಸಿಟರ್‌ಗೆ ಕೈ ಹಾಕಬೇಡಿ. ವಿಡಿಯೋ ನೋಡಿದರೆ ಸುಲಭ ಅನ್ನಿಸುತ್ತದೆ. ಕರೆಂಟ್ ತೆಗೆದಮೇಲೂ ಅದು ಚಾರ್ಜ್ ಹಿಡಿದಿಟ್ಟುಕೊಂಡಿರುತ್ತದೆ, ಜೋರಾಗಿ ಹೊಡೆಯುತ್ತದೆ.

ಜುಲೈನಲ್ಲಿ ಕೆಟ್ಟೇ ಹೋಯಿತು, ಮೂರು ದಿನ ಯಾರೂ ಬರೋದಿಲ್ಲವಂತೆ. ಏನು ಮಾಡಲಿ?

ಮೊದಲು ಫಿಲ್ಟರ್, ಬ್ರೇಕರ್, ಥರ್ಮೋಸ್ಟಾಟಿನ ಬ್ಯಾಟರಿ ನೋಡಿ. ಬ್ರೇಕರ್ ಬಿದ್ದಿದ್ದರೆ ಒಂದು ಸಲ ಮಾತ್ರ ಮೇಲೆತ್ತಿ. ಮತ್ತೆ ಬಿದ್ದರೆ ಬಿಟ್ಟುಬಿಡಿ. ಒಳಗಿನ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿದ್ದರೆ ಕೂಲಿಂಗ್ ನಿಲ್ಲಿಸಿ ಫ್ಯಾನ್ ಮಾತ್ರ ಓಡಿಸಿ, ಕರಗಲಿ.

ಆಮೇಲೆ ಮನೆ ಬಿಡಿ. ದಯವಿಟ್ಟು ಸಂಕೋಚ ಪಡಬೇಡಿ. ಮಕ್ಕಳು, ವಯಸ್ಸಾದವರು, ಬಸುರಿಯರು ಇದ್ದರೆ ಅದೇ ಸಂಜೆ ಗೆಳೆಯರ ಮನೆಗೋ ಹೋಟೆಲಿಗೋ ಹೋಗಿ. ಇನ್ಸುಲಿನ್‌ನಂಥ ಔಷಧಿ ಜೊತೆಗೆ ತಗೊಳ್ಳಿ. ಒಳಗೆ 95 ಡಿಗ್ರಿ ದಾಟಿದರೆ ಫ್ಯಾನ್ ಬರೀ ಬಿಸಿ ಗಾಳಿಯನ್ನು ಮೈಗೆ ಎರಚುತ್ತದೆ. ಫೀನಿಕ್ಸ್ ಇರುವ ಮ್ಯಾರಿಕೋಪ ಕೌಂಟಿಯಲ್ಲಿ 2023ರಲ್ಲಿ ಬಿಸಿಲಿನ ಕಾರಣಕ್ಕೆ 645 ಜನ ಸತ್ತರು. ಎಲ್ಲರೂ ಬೀದಿಯಲ್ಲಿ ಸತ್ತವರಲ್ಲ. ಎಸಿ ಇದ್ದೂ ಅದು ಕೆಲಸ ಮಾಡದ ಮನೆಯೊಳಗೆ ಸತ್ತವರೂ ಇದ್ದಾರೆ. ಎಲ್ಲೂ ಜಾಗ ಸಿಗದಿದ್ದರೆ 211ಕ್ಕೆ ಫೋನ್ ಮಾಡಿ, ಹತ್ತಿರದ ಕೂಲಿಂಗ್ ಸೆಂಟರ್ ಎಲ್ಲಿದೆ ಹೇಳುತ್ತಾರೆ. ಯಾರಿಗಾದರೂ ತಲೆ ಸುತ್ತಿ ಮಾತು ತೊದಲುತ್ತಿದ್ದರೆ ಕಾಯಬೇಡಿ, 911.

ಕೆಲಸ ಸರಿಯಾಗಿ ಮಾಡಲಿಲ್ಲ. ಯಾರಿಗೆ ದೂರು ಕೊಡೋದು?

ಮೊದಲು ಅವರಿಗೇ ಇಮೇಲ್‌ನಲ್ಲಿ ಬರೆದು, ಸರಿಪಡಿಸಲು ಅವಕಾಶ ಕೊಡಿ. ಆಗದಿದ್ದರೆ ಆರ್‌ಒಸಿಗೆ ದೂರು ಕೊಡಬಹುದು. ಎರಡು ವರ್ಷದ ಗಡುವಿದೆ. ಲೈಸೆನ್ಸ್ ಇದ್ದವರಿಂದ ನಷ್ಟವಾಗಿದ್ದು, ನೀವು ಸ್ವಂತ ಮನೆಯಲ್ಲೇ ವಾಸವಿದ್ದರೆ, ಆರ್‌ಒಸಿಯ ರಿಕವರಿ ಫಂಡ್‌ನಿಂದ 30,000 ಡಾಲರ್‌ವರೆಗೆ ಪರಿಹಾರ ಸಿಗುವ ಅವಕಾಶವಿದೆ.

ಮೇ ತಿಂಗಳಲ್ಲಿ ಅಪ್ಪ-ಅಮ್ಮ ಬರ್ತಿದ್ದಾರೆ. ನಾವಿಬ್ಬರೂ ಆಫೀಸಿಗೆ ಹೋದರೆ ಹಗಲು ಅವರಷ್ಟೇ ಮನೆಯಲ್ಲಿ. ಏನು ಹೇಳಿಕೊಡಬೇಕು?

ಅವರು ಬರುವ ಮೊದಲೇ ಸರ್ವೀಸ್ ಮುಗಿಸಿ. ನಮ್ಮ ಹಿರಿಯರಿಗೆ ಕರೆಂಟ್ ಉಳಿಸುವ ಅಭ್ಯಾಸ. ಯಾರೂ ಇಲ್ಲದ ಕೋಣೆ ತಂಪಾಗಿದ್ದರೆ ಥರ್ಮೋಸ್ಟಾಟನ್ನೇ ಆಫ್ ಮಾಡಿಬಿಡುತ್ತಾರೆ. ಮನೆ 95ಕ್ಕೆ ಏರಿದಮೇಲೆ ಮತ್ತೆ ಇಳಿಸಲು ಯಂತ್ರ ಗಂಟೆಗಟ್ಟಲೆ ಒದ್ದಾಡುತ್ತದೆ. ಬಿಲ್ ನೀವು ಕಟ್ಟುತ್ತೀರಿ, ಆಫ್ ಮಾಡುವುದು ಬೇಡ ಅಂತ ಪ್ರೀತಿಯಿಂದ ಹೇಳಿ.

ಹೊರಗೆ ಕರೆದುಕೊಂಡು ಹೋಗಿ ಯೂನಿಟ್ ತೋರಿಸಿ. ಫ್ಯಾನ್ ತಿರುಗುವುದನ್ನು ನೋಡಲಿ, ಸದ್ದು ಕೇಳಲಿ. ಸದ್ದು ಬದಲಾದರೆ ಅವರಿಗೆ ಗೊತ್ತಾಗುತ್ತದೆ, ಜೀವನವಿಡೀ ಪಂಪ್‌ಸೆಟ್ ಸದ್ದು ಕೇಳಿದವರು. ಇನ್ನೊಂದು, ಕಿಟಕಿಯ ಮೇಲೆ ಸೂರಿನ ಹತ್ತಿರ ಗೋಡೆಯಿಂದ ಹೊರಬಂದಿರುವ ಮೊಣಕೈಯಷ್ಟು ಬಿಳಿ ಪೈಪನ್ನು ತೋರಿಸಿ. ಕೆಳಗೆ ಗೋಡೆಯ ಬುಡದಲ್ಲಿರುವ ಪೈಪಿನಿಂದ ನೀರು ಬರುವುದು ಸಹಜ. ಮೇಲಿನದರಿಂದ ತೊಟ್ಟಿಕ್ಕಿದರೆ ಒಳಗಿನ ದಾರಿ ಕಟ್ಟಿದೆ ಅಂತ. ಕಣ್ಣಿಗೆ ಬೀಳಲಿ ಅಂತಲೇ ಅದನ್ನು ಕಿಟಕಿಯ ಮೇಲೆ ಇಟ್ಟಿರುತ್ತಾರೆ. ಕಳೆದ ಆಗಸ್ಟಿನಲ್ಲಿ ಅದನ್ನು ಮೊದಲು ನೋಡಿದ್ದು ನಮ್ಮಮ್ಮ. ಫ್ರಿಜ್ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಂಟಿಸಿದ್ದ ನಂಬರ್ ನೋಡಿಕೊಂಡು ನನಗೆ ಫೋನ್ ಮಾಡಿದರು: "ಕಿಟಕಿ ಮೇಲಿನ ಪೈಪಲ್ಲಿ ನೀರು ಬರ್ತಿದೆ ಕಣೋ, ಆ ಎಸಿ ಹುಡುಗನ್ನ ಕರೆಸು."